ಸತ್ತ ಜೀವಕೋಶ ಎತ್ತುವವರಿಗೆ ಊಟ: ಯಾವ ವಿಟಮಿನ್, ಎಲ್ಲಿಂದ, ಎಷ್ಟು

ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೂತು ಸೂಕ್ಷ್ಮದರ್ಶಕ ನೋಡುತ್ತಲೇ ಕೂದಲು ಬೆಳ್ಳಗಾದವಳು ನಾನು. ಈಗ ನಿವೃತ್ತಿ, ಶಿವಮೊಗ್ಗದಲ್ಲಿ ವಾಸ. ಬಂಧುಬಳಗದವರು ಫೋನಿನಲ್ಲಿ ಬಾಟಲಿಯೊಂದರ ಚಿತ್ರ ಕಳಿಸಿ, "ಇದು ಒಳಗಿನ ಸತ್ತ ಕೋಶಗಳನ್ನೆಲ್ಲ ಹೊರಗೆ ಹಾಕುತ್ತಂತೆ, ಕುಡಿಯಬಹುದಾ?" ಎಂದು ಕೇಳುತ್ತಿರುತ್ತಾರೆ. ಬೇಡ ಅಂತ ಒಂದೇ ಮಾತಿನಲ್ಲಿ ಹೇಳಿದರೆ ಯಾರೂ ಕೇಳುವುದಿಲ್ಲ. ಅದಕ್ಕೇ ಸ್ವಲ್ಪ ವಿವರವಾಗಿ, ಅಡುಗೆಮನೆಯವರೆಗೂ ಇಳಿದು ಬರೆಯುತ್ತಿದ್ದೇನೆ.

ಮೊದಲು ಲೆಕ್ಕ ನೋಡಿ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು 2021ರಲ್ಲಿ ಹಾಕಿದ ಅಂದಾಜಿನಂತೆ ವಯಸ್ಕರ ದೇಹದಲ್ಲಿ ದಿನಕ್ಕೆ ಸುಮಾರು 33,000 ಕೋಟಿ ಜೀವಕೋಶಗಳು ಬದಲಾಗುತ್ತವೆ. ತೂಕದಲ್ಲಿ ಸುಮಾರು 80 ಗ್ರಾಂ. ಹೆಚ್ಚಿನ ಪಾಲು ರಕ್ತದ ಕಣಗಳೇ. ಕರುಳಿನ ಒಳಪದರದ ಕೋಶಗಳು ಉದುರಿ ಮಲದ ಜೊತೆ ಹೋಗುತ್ತವೆ. ಆದರೆ ರಕ್ತಕಣ ಹೊರಗೆ ಹೋಗುವುದಿಲ್ಲ. ಅದನ್ನು ಒಳಗೇ ನುಂಗಿ ಅರಗಿಸಬೇಕು. ಆ ಕೆಲಸ ಮುಖ್ಯವಾಗಿ ಮ್ಯಾಕ್ರೋಫೇಜ್ ಎಂಬ ದೊಡ್ಡ ಕೋಶಗಳದ್ದು. ಗುಲ್ಮ, ಲಿವರ್, ಮೂಳೆಮಜ್ಜೆ, ಶ್ವಾಸಕೋಶ, ಎಲ್ಲ ಕಡೆಯೂ ಇವೆ. ಪುಸ್ತಕದಲ್ಲಿ ಈ ಕೆಲಸಕ್ಕೆ ಎಫೆರೋಸೈಟೋಸಿಸ್ ಅನ್ನುತ್ತಾರೆ. ಸತ್ತದ್ದನ್ನು ಹೊತ್ತಿಗೆ ಸರಿಯಾಗಿ ನುಂಗದಿದ್ದರೆ ಅದು ಒಡೆದು, ಒಳಗಿದ್ದದ್ದೆಲ್ಲ ಚೆಲ್ಲಿ, ಸುತ್ತ ಉರಿಯೂತ ಶುರುವಾಗುತ್ತದೆ.

ಇಷ್ಟು ತಿಳಿದರೆ ಬಾಟಲಿಯ ಮಾತು ಅರ್ಧ ಮುಗಿಯಿತು. "ಹೊರಗೆ ಹಾಕುವುದು" ಎಂಬುದೇ ಇಲ್ಲಿ ಇಲ್ಲ. ಉಳಿದರ್ಧ ಇದು: ಯಾವ ವಿಟಮಿನ್ನೂ ಈ ಕೆಲಸವನ್ನು ಮಾಮೂಲಿಗಿಂತ ಜೋರು ಮಾಡುತ್ತದೆ ಅಂತ ಮನುಷ್ಯರಲ್ಲಿ ಸಾಬೀತಾಗಿಲ್ಲ. ಕೊರತೆಯಾದರೆ ಮಾತ್ರ ಒಂದೊಂದು ವಿಟಮಿನ್ ಒಂದೊಂದು ಜಾಗದಲ್ಲಿ ಕೆಲಸ ಕೆಡಿಸುತ್ತದೆ. ಹಾಗಾಗಿ ನಿಮ್ಮ ಊಟದಲ್ಲಿ ಯಾವುದು ಕಡಿಮೆ ಅಂತ ಹುಡುಕಿ, ಅದನ್ನಷ್ಟೇ ತುಂಬಿ. ಎಲ್ಲವನ್ನೂ ಸುರಿಯಬೇಡಿ.

ಸೊಪ್ಪು ಮತ್ತು ವಿಟಮಿನ್ ಕೆ

ವಿಟಮಿನ್ ಕೆ ಅಂದರೆ ರಕ್ತ ಹೆಪ್ಪುಗಟ್ಟುವುದಕ್ಕೆ ಅಂತ ಎಲ್ಲರಿಗೂ ಗೊತ್ತು. ಸತ್ತ ಕೋಶಗಳ ವಿಷಯದಲ್ಲೂ ಅದರ ಪಾತ್ರ ನೇರವಾದದ್ದು.

ಕೋಶ ಸಾಯುವಾಗ ತನ್ನ ಪೊರೆಯ ಒಳಮೈಯಲ್ಲಿದ್ದ ಫಾಸ್ಫಟೈಡಿಲ್‌ಸೆರಿನ್ ಎಂಬ ಕೊಬ್ಬಿನ ಅಣುವನ್ನು ಹೊರಮೈಗೆ ತರುತ್ತದೆ. ನುಂಗಬಹುದು ಎನ್ನುವ ಗುರುತು ಅದೇ. ಆದರೆ ಮ್ಯಾಕ್ರೋಫೇಜಿನ ಮೇಲಿರುವ ಮರ್‌ಟಿಕೆ ಎಂಬ ಗ್ರಾಹಕ ಅದನ್ನು ತಾನಾಗಿ ಹಿಡಿಯಲಾರದು. ನಡುವೆ ಎರಡೂ ತುದಿಯಲ್ಲಿ ಕೊಕ್ಕೆಯಿರುವ ಕೊಂಡಿಯಂಥ ಪ್ರೋಟೀನ್ ಬೇಕು. ಅಂಥವು ಎರಡಿವೆ: ಗ್ಯಾಸ್6 ಮತ್ತು ಪ್ರೋಟೀನ್ ಎಸ್. ಒಂದು ತುದಿ ಕ್ಯಾಲ್ಸಿಯಂ ನೆರವಿನಿಂದ ಸತ್ತ ಕೋಶವನ್ನು ಹಿಡಿದರೆ, ಇನ್ನೊಂದು ತುದಿ ಮ್ಯಾಕ್ರೋಫೇಜನ್ನು ಹಿಡಿಯುತ್ತದೆ. ಸತ್ತ ಕೋಶ ಹಿಡಿಯುವ ತುದಿ ಸರಿಯಾಗಿ ತಯಾರಾಗಬೇಕಾದರೆ ವಿಟಮಿನ್ ಕೆ ಬೇಕೇ ಬೇಕು. ಅದಿಲ್ಲದಿದ್ದರೆ ಪ್ರೋಟೀನ್ ಹುಟ್ಟುತ್ತದೆ, ಆದರೆ ಹಿಡಿತ ಬರುವುದಿಲ್ಲ.

ಕಣ್ಣಿನಲ್ಲಿ ಇದು ಎದ್ದು ಕಾಣುತ್ತದೆ. ಅಕ್ಷಿಪಟದ ಬೆಳಕು ಹಿಡಿಯುವ ಕೋಶಗಳು ತಮ್ಮ ತುದಿಯ ಹತ್ತನೇ ಒಂದು ಪಾಲನ್ನು ಪ್ರತಿದಿನ ಉದುರಿಸುತ್ತವೆ, ಹೆಚ್ಚಾಗಿ ಬೆಳಗಿನ ಬೆಳಕು ಬಿದ್ದ ಹೊತ್ತಿಗೆ. ಹಿಂದಿರುವ ಕಪ್ಪು ಪದರದ ಕೋಶಗಳು ಅದನ್ನು ಇದೇ ಮರ್‌ಟಿಕೆ ಮೂಲಕ ನುಂಗುತ್ತವೆ. ಆ ಗ್ರಾಹಕದ ಜೀನ್ ಕೆಟ್ಟು ಹುಟ್ಟಿದವರಿಗೆ ರೆಟಿನೈಟಿಸ್ ಪಿಗ್‌ಮೆಂಟೋಸಾ ಬಂದು ಕಣ್ಣು ಹೋಗುತ್ತದೆ. ಗ್ಯಾಸ್6, ಪ್ರೋಟೀನ್ ಎಸ್ ಎರಡನ್ನೂ ಕಣ್ಣಿನಿಂದ ತೆಗೆದ ಇಲಿಗಳಲ್ಲೂ ಅಕ್ಷಿಪಟ ಹಾಗೇ ಸವೆದುಹೋಯಿತು.

ಇನ್ನು ಅಡುಗೆಗೆ ಬರೋಣ. ಬಸಳೆ, ಹರಿವೆ, ದಂಟು, ಮೆಂತ್ಯ, ಪಾಲಕ್, ನುಗ್ಗೆ, ಒಟ್ಟಿನಲ್ಲಿ ಕಡುಹಸಿರಿನ ಯಾವ ಸೊಪ್ಪಾದರೂ ಸರಿ. 100 ಗ್ರಾಂ ಪಾಲಕ್ಕಿನಲ್ಲಿ 300 ಮೈಕ್ರೋಗ್ರಾಂಗೂ ಹೆಚ್ಚು ವಿಟಮಿನ್ ಕೆ ಇರುತ್ತದೆ. ವಯಸ್ಕರಿಗೆ ದಿನಕ್ಕೆ 100ರ ಆಸುಪಾಸು ಸಾಕು. ಇದು ಬೇಯಿಸಿದರೆ ಹಾಳಾಗುವ ವಿಟಮಿನ್ ಅಲ್ಲ, ಹಾಗಾಗಿ ಹಸಿ ಸೊಪ್ಪಿನ ಜ್ಯೂಸ್ ಕುಡಿಯುವ ಶಿಕ್ಷೆ ಯಾರಿಗೂ ಬೇಡ. ಆದರೆ ಕೊಬ್ಬಿನಲ್ಲಿ ಕರಗುವಂಥದ್ದು, ಎಣ್ಣೆ ಇಲ್ಲದೆ ರಕ್ತಕ್ಕೆ ಸರಿಯಾಗಿ ಸೇರದು. ನಮ್ಮ ಮಲೆನಾಡಿನ ತಂಬುಳಿಯಲ್ಲಿ ಕಾಯಿ ಇರುತ್ತದೆ, ಪಲ್ಯಕ್ಕೆ ಒಗ್ಗರಣೆ ಇರುತ್ತದೆ, ಅಷ್ಟು ಸಾಕು. ತೂಕ ಇಳಿಸಬೇಕೆಂದು ಎಣ್ಣೆಯನ್ನೇ ಬಿಟ್ಟು ಬೇಯಿಸಿದ ಸೊಪ್ಪು ತಿನ್ನುವವರು ಜೊತೆಗೆ ಒಂದು ಹಿಡಿ ಕಡಲೆಕಾಯಿಯನ್ನಾದರೂ ತಿನ್ನಿ.

ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಇಲ್ಲಿ ಸ್ವಲ್ಪ ನಿಂತು ಓದಿ. ನಮ್ಮ ಮನೆಯವರಿಗೆ ಹೃದಯದ ಕವಾಟ ಬದಲಿಸಿದೆ, ದಿನವೂ ವಾರ್ಫರಿನ್ ಜಾತಿಯ ಮಾತ್ರೆ. ಅದು ಕೆಲಸ ಮಾಡುವುದೇ ವಿಟಮಿನ್ ಕೆ ಮರುಬಳಕೆಯನ್ನು ತಡೆದು. ಹೆಪ್ಪುಗಟ್ಟಿಸುವ ಪ್ರೋಟೀನಿನ ಜೊತೆಗೆ ಪ್ರೋಟೀನ್ ಎಸ್ ಕೂಡ ಇಳಿಯುತ್ತದೆ. ಅದಕ್ಕೇ ಈ ಮಾತ್ರೆ ತೆಗೆದುಕೊಳ್ಳುವವರ ಪ್ರೋಟೀನ್ ಎಸ್ ಪರೀಕ್ಷೆಗೆ ಚೀಟಿ ಬಂದರೆ ಲ್ಯಾಬಿನವರು ಡಾಕ್ಟರಿಗೆ ಒಮ್ಮೆ ಫೋನ್ ಮಾಡಿ ಕೇಳುವುದು. ಆ ಫಲಿತಾಂಶಕ್ಕೆ ಅರ್ಥವಿರುವುದಿಲ್ಲ. ಹಾಗಾದರೆ ಸತ್ತ ಕೋಶದ ಗತಿ ಏನು ಎಂದು ನೀವು ಕೇಳಬಹುದು. ಮ್ಯಾಕ್ರೋಫೇಜಿಗೆ ಇದೊಂದೇ ದಾರಿಯಲ್ಲ. ಟಿಮ್-4 ಎಂಬ ಗ್ರಾಹಕ ಆ ಗುರುತನ್ನು ನೇರವಾಗಿಯೇ ಹಿಡಿಯುತ್ತದೆ, ಎಂಎಫ್‌ಜಿ-ಇ8 ಎಂಬ ಬೇರೊಂದು ಪ್ರೋಟೀನೂ ಇದೆ. ಇವೆರಡಕ್ಕೂ ವಿಟಮಿನ್ ಕೆ ಬೇಡ. ಕವಾಟದಲ್ಲಿ ರಕ್ತ ಹೆಪ್ಪುಗಟ್ಟಿದರೆ ಮಾತ್ರ ಪರ್ಯಾಯವಿಲ್ಲ. ಆದ್ದರಿಂದ ಮಾತ್ರೆ ಬಿಡುವ ಮಾತೇ ಇಲ್ಲ.

ಸೊಪ್ಪನ್ನೂ ಬಿಡಬೇಕಿಲ್ಲ. ವಾರದಿಂದ ವಾರಕ್ಕೆ ಅಳತೆ ಒಂದೇ ಇರಲಿ, ಅಷ್ಟೇ. ನಮ್ಮಲ್ಲಿ ಸೋಮವಾರ, ಬುಧವಾರ, ಶನಿವಾರ ಸೊಪ್ಪು, ಪ್ರತಿ ಸಲ ಒಂದೇ ಬಟ್ಟಲು. ನೆಂಟರ ಮನೆಯಲ್ಲಿ ಪತ್ರೊಡೆ ಮಾಡಿದರೆ ಎರಡು ತುಂಡು ತಿಂದು ಎದ್ದು ಬರುತ್ತಾರೆ, ಅತ್ತಿಗೆ ಎಷ್ಟೇ ಬಡಿಸಿದರೂ. ಊಟದಲ್ಲಿ ದೊಡ್ಡ ಬದಲಾವಣೆ ಮಾಡುವುದಾದರೆ ಮೊದಲೇ ಡಾಕ್ಟರಿಗೆ ಹೇಳಿ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ನೋಡುವ ಐಎನ್ಆರ್ ಪರೀಕ್ಷೆ ಬೇಗ ಮಾಡಿಸಿ.

ಬಿ12 ಮತ್ತು ಫೋಲೇಟ್: ಮಜ್ಜೆಯಲ್ಲಿ ಹೆಣ ಹೆಚ್ಚಾದಾಗ

ನಾನು ಕಣ್ಣಾರೆ ಹೆಚ್ಚು ನೋಡಿದ್ದು ಇದನ್ನೇ, ಹಾಗಾಗಿ ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಮೇಲೆ ಹೇಳಿದ್ದು ಎತ್ತುವವರ ಕೈ ಸೋಲುವ ಕತೆ. ಇಲ್ಲಿ ಎತ್ತುವವರು ಗಟ್ಟಿಯಾಗಿಯೇ ಇರುತ್ತಾರೆ, ಆದರೆ ಸಾಯುವವರ ಸಂಖ್ಯೆ ಏರಿಬಿಡುತ್ತದೆ. ಮೂಳೆಮಜ್ಜೆಯಲ್ಲಿ ಕೆಂಪುಕಣಗಳು ಗುಂಪುಗುಂಪಾಗಿ ಬೆಳೆಯುತ್ತವೆ, ಪ್ರತಿ ಗುಂಪಿನ ನಡುವೆ ಒಂದು ಮ್ಯಾಕ್ರೋಫೇಜ್. ಫ್ರಾನ್ಸಿನ ಮಾರ್ಸೆಲ್ ಬೆಸಿಸ್ 1958ರಲ್ಲಿ ಇದನ್ನು ವಿವರಿಸಿದರು. ಬೆಳೆದ ಕಣ ತನ್ನ ನ್ಯೂಕ್ಲಿಯಸ್ಸನ್ನು ಹೊರಗೆ ತಳ್ಳುತ್ತದೆ, ನಡುವಿನ ಮ್ಯಾಕ್ರೋಫೇಜ್ ಅದನ್ನು ನುಂಗುತ್ತದೆ. ಹಿಡಿಯುವುದಕ್ಕೆ ಇಲ್ಲೂ ಪ್ರೋಟೀನ್ ಎಸ್ ಮತ್ತು ಮರ್‌ಟಿಕೆ. ನುಂಗಿದ ಡಿಎನ್ಎಯನ್ನು ಅರಗಿಸುವ ಕಿಣ್ವವನ್ನು ಜಪಾನಿನ ನಗಾಟಾ ಅವರ ತಂಡ ಇಲಿಗಳಲ್ಲಿ ತೆಗೆದು ನೋಡಿತು: ಮರಿಗಳು ಹುಟ್ಟುವ ಮೊದಲೇ ತೀವ್ರ ರಕ್ತಹೀನತೆಯಿಂದ ಸತ್ತವು. ಕೆಂಪುಕಣ ಹುಟ್ಟುವುದಕ್ಕೂ ಈ ನುಂಗುವ ಕೆಲಸ ಅಷ್ಟು ಅಗತ್ಯ.

ಬಿ12 ಅಥವಾ ಫೋಲೇಟ್ (ಇದೂ ಬಿ ಗುಂಪಿನ ವಿಟಮಿನ್ನೇ) ಸಾಲದಿದ್ದರೆ ಡಿಎನ್ಎ ತಯಾರಾಗುವುದು ನಿಧಾನವಾಗುತ್ತದೆ. ಕೋಶದ ಮೈ ಮಾತ್ರ ಬೆಳೆಯುತ್ತದೆ, ನ್ಯೂಕ್ಲಿಯಸ್ ಎಳಸಾಗಿಯೇ ಉಳಿಯುತ್ತದೆ. ಅಂಥವು ಪೂರ್ತಿ ಬೆಳೆಯದೆ ಮಜ್ಜೆಯಲ್ಲೇ ರಾಶಿರಾಶಿ ಸಾಯುತ್ತವೆ. ನುಂಗುವವರು ನುಂಗುತ್ತಲೇ ಇರುತ್ತಾರೆ, ಆದರೂ ಸತ್ತ ಕೋಶದ ಒಳಗಿದ್ದದ್ದು ರಕ್ತಕ್ಕೆ ಬರುತ್ತದೆ. ಹಾಗೆ ಬರುವ ಎಲ್‌ಡಿಎಚ್ ಎಂಬ ಕಿಣ್ವ ಸಾವಿರ ದಾಟಿದ ವರದಿಗಳನ್ನು ನಾನೇ ಸಹಿ ಮಾಡಿ ಕಳಿಸಿದ್ದೇನೆ. ಕೆಂಪುಕಣ ಒಡೆದಾಗ ಹುಟ್ಟುವ ಬಿಲಿರುಬಿನ್ ಎಂಬ ಹಳದಿ ವಸ್ತು ಸ್ವಲ್ಪ ಏರುವುದರಿಂದ ಬಿಳಿಚಿದ ಮುಖಕ್ಕೆ ನಿಂಬೆಹಣ್ಣಿನ ಹಳದಿ ಛಾಯೆ ಬರುತ್ತದೆ. ಕಾಮಾಲೆ ಅಂತ ತಿಳಿದು ನೆಲನೆಲ್ಲಿ ಕಷಾಯ ಕುಡಿದು, ತಿಂಗಳುಗಟ್ಟಲೆ ಕಳೆದ ಮೇಲೆ ಲ್ಯಾಬಿಗೆ ಬಂದವರಿದ್ದಾರೆ. ಲೀಶ್‌ಮನ್ ಬಣ್ಣ ಹಾಕಿದ ಗಾಜು ಇಟ್ಟು ನೋಡಿದರೆ ದೊಡ್ಡ ಮೊಟ್ಟೆಯಾಕಾರದ ಕೆಂಪುಕಣ, ನ್ಯೂಕ್ಲಿಯಸ್ ಐದಾರು ಹಾಲೆಗಳಾದ ನ್ಯೂಟ್ರೋಫಿಲ್ ಎಂಬ ಬಿಳಿಕಣ. ಆಮೇಲೆ ಹೆಚ್ಚು ಯೋಚಿಸುವ ಕೆಲಸ ಇರುತ್ತಿರಲಿಲ್ಲ.

ಪರೀಕ್ಷೆ ಹೀಗೆ ಮಾಡಿಸಿ. ಇಂಜೆಕ್ಷನ್ನಾಗಲಿ ಮಾತ್ರೆಯಾಗಲಿ ಶುರು ಮಾಡುವ ಮೊದಲೇ ರಕ್ತ ಕೊಡಿ. ಒಂದು ಇಂಜೆಕ್ಷನ್ ಆದ ಮೇಲೆ ಬಿ12 ಅಳೆದರೆ ಅದು ಇಂಜೆಕ್ಷನ್ನಿನ ಅಳತೆ. ರಕ್ತಕಣಗಳನ್ನು ಯಂತ್ರದಲ್ಲಿ ಎಣಿಸುವ ಸಿಬಿಸಿ ಜೊತೆಗೆ, ಗಾಜಿನ ಮೇಲೆ ರಕ್ತ ಸವರಿ ನೋಡುವ ಪೆರಿಫೆರಲ್ ಸ್ಮಿಯರ್ ಕೇಳಿ, ಡಾಕ್ಟರು ಬರೆದರೆ ಎಲ್‌ಡಿಎಚ್ ಕೂಡ. ಎಂಸಿವಿ, ಅಂದರೆ ಕೆಂಪುಕಣದ ಸರಾಸರಿ ಗಾತ್ರ, 100 ದಾಟಿದ್ದರೆ ಗುರುತಿಸುವುದು ಸುಲಭ. ಆದರೆ ನಮ್ಮ ಹೆಂಗಸರಲ್ಲಿ ಕಬ್ಬಿಣದ ಕೊರತೆಯೂ ಜೊತೆಗಿರುತ್ತದೆ. ಒಂದು ಕಣವನ್ನು ದೊಡ್ಡದು ಮಾಡಿದರೆ ಇನ್ನೊಂದು ಚಿಕ್ಕದು ಮಾಡಿ, ಸರಾಸರಿ "ನಾರ್ಮಲ್" ಬಂದುಬಿಡುತ್ತದೆ. ಯಂತ್ರ ಸರಾಸರಿ ಹೇಳುತ್ತದೆ, ಗಾಜಿನ ಮೇಲೆ ಎರಡೂ ಕಾಣುತ್ತವೆ. ಎಲ್‌ಡಿಎಚ್‌ಗೆ ರಕ್ತ ಕೊಡುವಾಗ ಮುಷ್ಟಿ ಹಿಸುಕುತ್ತಾ ಕೂರಬೇಡಿ. ಸಿರಿಂಜಿನಲ್ಲಿ ಕಣ ಒಡೆದರೆ ಎಲ್‌ಡಿಎಚ್ ಸುಳ್ಳೇ ಏರುತ್ತದೆ.

ಬಿ12 ಗಿಡಗಳಲ್ಲಿ ಇರುವುದಿಲ್ಲ. ಸ್ಪಿರುಲಿನಾದಲ್ಲಿ ಇದೆ ಅಂತ ಮಾರುತ್ತಾರೆ, ಅದರಲ್ಲಿರುವುದು ಹೆಚ್ಚಿನ ಪಾಲು ನಮ್ಮ ದೇಹಕ್ಕೆ ಉಪಯೋಗವಾಗದ ಹೋಲಿಕೆಯ ಅಣು. ಮೀನು ತಿನ್ನುವವರಿಗೆ ಚಿಂತೆಯಿಲ್ಲ, ವಾರಕ್ಕೆರಡು ದಿನ ಬಂಗುಡೆ ಬಂದರೆ ಸಾಕು. ಒಂದು ಮೊಟ್ಟೆಯಲ್ಲಿ ಸುಮಾರು ಅರ್ಧ ಮೈಕ್ರೋಗ್ರಾಂ. ಸಸ್ಯಾಹಾರಿಗಳಿಗೆ ಹಾಲು ಮೊಸರೇ ಗತಿ, ಅದೂ ಹಾಲು ಮೊಸರೆಲ್ಲ ಸೇರಿ ದಿನಕ್ಕೆ ಅರ್ಧ ಲೀಟರಿನ ಹತ್ತಿರ. ನಮ್ಮ ಮನೆಗಳಲ್ಲಿ ಗಂಡಸರಿಗೆ ಮಕ್ಕಳಿಗೆ ಗಟ್ಟಿ ಮೊಸರು ಬಡಿಸಿ, ಕೊನೆಯಲ್ಲಿ ಕೂತ ಹೆಂಗಸು ಪಾತ್ರೆ ತೊಳೆದ ನೀರಿನಂಥ ಮಜ್ಜಿಗೆಯಲ್ಲಿ ಊಟ ಮುಗಿಸುತ್ತಾಳೆ. ಆ ಮಜ್ಜಿಗೆಯಲ್ಲಿ ಬಿ12 ಎಷ್ಟಿದ್ದೀತು? ಮೊಸರನ್ನು ಮೊದಲು ನಿಮ್ಮ ಬಟ್ಟಲಿಗೆ ತೆಗೆದಿಟ್ಟುಕೊಳ್ಳಿ, ಆಮೇಲೆ ಬಡಿಸಿ. ಈ ಇಡೀ ಬರಹದಲ್ಲಿ ಒಂದೇ ಮಾತು ಪಾಲಿಸುವುದಾದರೆ ಇದನ್ನು ಪಾಲಿಸಿ.

ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಎದೆಯುರಿಗೆ ಪ್ಯಾಂಟೊಪ್ರಜೋಲ್ ಥರದ ಮಾತ್ರೆಗಳನ್ನು ವರ್ಷಗಟ್ಟಲೆ ನುಂಗುವವರಲ್ಲಿ ಬಿ12 ಹೀರುವುದು ಕಡಿಮೆಯಾಗುತ್ತದೆ. ಎರಡನ್ನೂ ನುಂಗುವ ಸಸ್ಯಾಹಾರಿ ಹಿರಿಯರು ಮನೆಯಲ್ಲಿದ್ದರೆ ಪರೀಕ್ಷೆಗೆ ಕರೆದುಕೊಂಡು ಹೋಗಿ. ಮೊಸರು ಜಾಸ್ತಿ ಮಾಡಿ ಸುಮ್ಮನಿರಬೇಡಿ.

ಫೋಲೇಟಿನ ಇತಿಹಾಸದಲ್ಲಿ ನಮ್ಮ ದೇಶದ್ದೇ ಒಂದು ಅಧ್ಯಾಯವಿದೆ. ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ 1928ರಲ್ಲಿ ಮುಂಬಯಿಗೆ ಬಂದು, ಗಿರಣಿ ಕೆಲಸದ ಗರ್ಭಿಣಿಯರಲ್ಲಿ ಕಾಣುತ್ತಿದ್ದ ದೊಡ್ಡಕಣದ ರಕ್ತಹೀನತೆ ಯೀಸ್ಟ್ ಸಾರದಿಂದ ವಾಸಿಯಾಗುತ್ತದೆಂದು 1931ರಲ್ಲಿ ತೋರಿಸಿದರು. ಅದರಲ್ಲಿದ್ದ ವಸ್ತುವೇ ಫೋಲೇಟ್ ಎಂದು ಆಮೇಲೆ ಗೊತ್ತಾಯಿತು. ಅದು ಸೊಪ್ಪಿನಲ್ಲಿದೆ, ಹೆಸರು, ಅಲಸಂದೆ, ಕಡಲೆಗಳಲ್ಲಿದೆ. ಶಾಖಕ್ಕೆ ಸ್ವಲ್ಪ ಹಾಳು, ನೀರಿಗೆ ಬಹಳಷ್ಟು ಸೋರಿಕೆ. ಬೇಯಿಸಿದ ನೀರು ಚೆಲ್ಲುವವರು ಅರ್ಧ ಫೋಲೇಟನ್ನು ಸಿಂಕಿಗೆ ಕೊಡುತ್ತಾರೆ. ಮಂಡ್ಯ, ಮೈಸೂರಿನ ಕಡೆಯ ಬಸ್ಸಾರು ಇದಕ್ಕೆ ಹೇಳಿ ಮಾಡಿಸಿದ ಅಡುಗೆ: ಸೊಪ್ಪು ಕಾಳು ಬೇಯಿಸಿ, ಬಸಿದ ನೀರಿನಲ್ಲಿ ಸಾರು, ಉಳಿದದ್ದು ಪಲ್ಯ. ಏನೂ ಹೊರಗೆ ಹೋಗುವುದಿಲ್ಲ. ಒಂದು ಎಚ್ಚರಿಕೆ: ಬಿ12 ಕೊರತೆಯಿರುವವರು ಫೋಲಿಕ್ ಆಸಿಡ್ ಮಾತ್ರೆಯನ್ನಷ್ಟೇ ನುಂಗಿದರೆ ರಕ್ತ ಸುಧಾರಿಸುತ್ತದೆ, ನರ ಮಾತ್ರ ಒಳಗೊಳಗೇ ಹಾಳಾಗುತ್ತಾ ಹೋಗುತ್ತದೆ. ಪಾದ ಜುಮ್ಮೆನ್ನುವವರು ಇದನ್ನು ನೆನಪಿಡಿ.

ಚಿಕಿತ್ಸೆ ಸರಿಯಾಗಿದ್ದರೆ ಒಂದು ವಾರದೊಳಗೆ ಹೊಸ ಎಳೆಯ ಕಣಗಳು, ಅಂದರೆ ರೆಟಿಕ್ಯುಲೋಸೈಟ್, ಏರುತ್ತವೆ, ಎಲ್‌ಡಿಎಚ್ ಇಳಿಯತೊಡಗುತ್ತದೆ. ಹಿಮೋಗ್ಲೋಬಿನ್ನಿಗೆ ವಾರಗಳು ಬೇಕು.

ನಿಂಬೆ, ನೆಲ್ಲಿ, ಸೀಬೆ

ಗಾಯವಾದಾಗ, ಸೋಂಕಾದಾಗ ಮೊದಲು ಓಡಿಬರುವ ನ್ಯೂಟ್ರೋಫಿಲ್‌ಗಳ ಆಯಸ್ಸು ಚಿಕ್ಕದು. ಕೆಲಸ ಮುಗಿಸಿ ಅವು ಕ್ರಮವಾಗಿ ಸಾಯಬೇಕು, ಮ್ಯಾಕ್ರೋಫೇಜ್ ನುಂಗಬೇಕು. ಆಗಲೇ ಗಾಯ ಆರುವುದು. ನ್ಯೂಟ್ರೋಫಿಲ್‌ಗಳು ರಕ್ತದಲ್ಲಿರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ವಿಟಮಿನ್ ಸಿಯನ್ನು ತಮ್ಮೊಳಗೆ ತುಂಬಿಕೊಂಡಿರುತ್ತವೆ. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚಿನಲ್ಲಿ ವಿಟಮಿನ್ ಸಿ ತಯಾರಿಸಲಾಗದ ಇಲಿಗಳ ಮೇಲೆ ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಿ ಇಲ್ಲದ ನ್ಯೂಟ್ರೋಫಿಲ್‌ಗಳು ಹೊತ್ತಿಗೆ ಸರಿಯಾಗಿ ಸಾಯಲಿಲ್ಲ, ಮ್ಯಾಕ್ರೋಫೇಜುಗಳೂ ಅವನ್ನು ನುಂಗಲಿಲ್ಲ.

ನಮ್ಮ ದೇಹವೂ ವಿಟಮಿನ್ ಸಿ ತಯಾರಿಸಲಾರದು. ಭಾರತದ ಶಿಫಾರಸು ಗಂಡಸರಿಗೆ ದಿನಕ್ಕೆ 80, ಹೆಂಗಸರಿಗೆ 65 ಮಿಲಿಗ್ರಾಂ. ಅರ್ಧ ಸೀಬೆಹಣ್ಣು ತಿಂದರೆ ಮುಗಿಯಿತು, ಸಾವಿರ ಮಿಲಿಗ್ರಾಂ ಮಾತ್ರೆ ದುಡ್ಡು ದಂಡ. ಚಿತ್ರಾನ್ನಕ್ಕೆ ನಿಂಬೆಹಣ್ಣನ್ನು ಒಲೆ ಆರಿಸಿದ ಮೇಲೆ ಹಿಂಡಿ. ಕೋಸಂಬರಿಗೆ ತಿನ್ನುವ ಹೊತ್ತಿಗೆ ಹಿಂಡಿ. ನೆಲ್ಲಿಕಾಯಿಯನ್ನು ಹಸಿಯಾಗಿ ಉಪ್ಪು ಹಚ್ಚಿ ತಿನ್ನಿ, ಇಲ್ಲವೇ ತಂಬುಳಿಗೆ ಹಸಿಯಾಗಿಯೇ ರುಬ್ಬಿ. ಬೀಡಿ ಸಿಗರೇಟು ಸೇದುವವರ ಶ್ವಾಸಕೋಶದ ಮ್ಯಾಕ್ರೋಫೇಜುಗಳು ಸತ್ತ ಕೋಶ ನುಂಗುವುದರಲ್ಲಿ ಮೊದಲೇ ಹಿಂದೆ; ಅವರಿಗೆ ವಿಟಮಿನ್ ಸಿ ಸ್ವಲ್ಪ ಹೆಚ್ಚೇ ಬೇಕು. ಹಾಗಂತ ಸೀಬೆ ತಿಂದು ಸಿಗರೇಟಿನ ಲೆಕ್ಕ ಚುಕ್ತಾ ಮಾಡಲಾಗದು.

ಉಳಿದವು

ವಿಟಮಿನ್ ಎ: ಹಂಗರಿಯ ಡೆಬ್ರೆಸೆನ್ ವಿಶ್ವವಿದ್ಯಾಲಯದವರು, ಸತ್ತ ಕೋಶ ನುಂಗಿದ ಮ್ಯಾಕ್ರೋಫೇಜ್ ತಾನೇ ವಿಟಮಿನ್ ಎ ಜಾತಿಯ ರೆಟಿನಾಯ್ಡ್ ತಯಾರಿಸುತ್ತದೆ, ಅದರಿಂದ ನುಂಗುವ ಗ್ರಾಹಕಗಳು ಹೆಚ್ಚುತ್ತವೆ ಎಂದು ಇಲಿಗಳ ಕೋಶಗಳಲ್ಲಿ ಕಂಡರು. ಅದಕ್ಕೆ ಕಚ್ಚಾವಸ್ತು ನಮ್ಮ ಕುಂಬಳ, ಪರಂಗಿ, ಮಾವು, ಕ್ಯಾರೆಟ್, ನುಗ್ಗೆಸೊಪ್ಪಿನಲ್ಲಿದೆ. ಇದಕ್ಕೂ ಎಣ್ಣೆ ಬೇಕು. ಸಸ್ಯದಿಂದ ಬಂದದ್ದನ್ನು ದೇಹ ಬೇಕಾದಷ್ಟೇ ಪರಿವರ್ತಿಸಿಕೊಳ್ಳುತ್ತದೆ. ಮಾತ್ರೆಯ ರೆಟಿನಾಲಿಗೆ ಆ ಲಗಾಮಿಲ್ಲ, ಅತಿಯಾದರೆ ಲಿವರಿಗೂ ಹೊಟ್ಟೆಯಲ್ಲಿರುವ ಮಗುವಿಗೂ ಅಪಾಯ. ಗರ್ಭಿಣಿಯರು ಡಾಕ್ಟರಲ್ಲದೆ ಬೇರೆಯವರ ಮಾತು ಕೇಳಿ ಇದನ್ನು ಮುಟ್ಟಬೇಡಿ.

ನಯಾಸಿನ್ (ವಿಟಮಿನ್ ಬಿ3): ಕೆನಡಾದ ಕ್ಯಾಲ್ಗರಿಯಲ್ಲಿ ವಯಸ್ಸಾದ ಇಲಿಗಳಿಗೆ ನಯಾಸಿನ್ ಕೊಟ್ಟಾಗ ನರದ ಹೊದಿಕೆಯ ಚೂರುಗಳನ್ನು ಮ್ಯಾಕ್ರೋಫೇಜುಗಳು ಚೆನ್ನಾಗಿ ತೆರವು ಮಾಡಿದವು ಎಂದು 2020ರಲ್ಲಿ ವರದಿಯಾಯಿತು. ಅದು ಔಷಧದ ಪ್ರಮಾಣ, ಊಟದ್ದಲ್ಲ. ಅದನ್ನು ಓದಿ ಮಾತ್ರೆ ತಂದರೆ ಮುಖ ಕೆಂಪೇರಿ ಉರಿಯುತ್ತದೆ, ಲಿವರಿಗೂ ಭಾರ. ದಖ್ಖನಿನಲ್ಲಿ ಜೋಳವನ್ನೇ ನೆಚ್ಚಿಕೊಂಡಿದ್ದ ಬಡವರಲ್ಲಿ ನಯಾಸಿನ್ ಕೊರತೆಯ ಪೆಲಾಗ್ರಾ ಕಾಣುತ್ತಿತ್ತು, ಪೋಷಣಾ ವಿಜ್ಞಾನಿಗಳಾದ ಸಿ. ಗೋಪಾಲನ್ ಮತ್ತು ಶ್ರೀಕಂಠಯ್ಯ ಇದರ ಮೇಲೆ 1960ರಲ್ಲಿ ಬರೆದಿದ್ದಾರೆ. ಜೋಳದ ರೊಟ್ಟಿಗೆ ಶೇಂಗಾ ಚಟ್ನಿಪುಡಿ ಹಚ್ಚಿಕೊಳ್ಳುವ ಉತ್ತರ ಕರ್ನಾಟಕದ ರೂಢಿ ಇಲ್ಲಿ ಚೆನ್ನಾಗಿ ಒದಗುತ್ತದೆ. ಶೇಂಗಾದಲ್ಲಿ ನಯಾಸಿನ್ ಧಾರಾಳ. ಪುಡಿಯಲ್ಲಿ ಹುರಿಗಡಲೆ ಬೆರೆಸಿ ಮೋಸ ಮಾಡಬೇಡಿ.

ವಿಟಮಿನ್ ಡಿ: ಮ್ಯಾಕ್ರೋಫೇಜುಗಳು ರಕ್ತದಲ್ಲಿರುವ ಡಿಯನ್ನು ತಾವೇ ಸಕ್ರಿಯ ರೂಪಕ್ಕೆ ತಿರುಗಿಸಿಕೊಳ್ಳಬಲ್ಲವು. ಬೆಳಗಿನ ಕೆಲಸ ಮುಗಿಸಿ ಹತ್ತು ಹನ್ನೊಂದು ಗಂಟೆಗೆ ಹಪ್ಪಳ ಒಣಗಿಸಲು ಹೋದವರು ತೋಳು ಬಿಟ್ಟುಕೊಂಡು ಸ್ವಲ್ಪ ಹೊತ್ತು ಅಲ್ಲೇ ಇರಿ. ಆದರೆ ಲೂಪಸ್, ಅಂದರೆ ರೋಗನಿರೋಧಕ ವ್ಯವಸ್ಥೆ ಸ್ವಂತ ದೇಹದ ಮೇಲೇ ತಿರುಗುವ ಕಾಯಿಲೆ, ಇರುವವರಿಗೆ ಈ ಸಲಹೆ ಸಲ್ಲದು. ಆ ಕಾಯಿಲೆಯಲ್ಲಿ ಸತ್ತ ಕೋಶಗಳ ತೆರವೇ ಕುಂಠಿತ. ಬಿಸಿಲು ಬಿದ್ದರೆ ಚರ್ಮದ ಕೋಶಗಳು ಇನ್ನಷ್ಟು ಸತ್ತು ಕಾಯಿಲೆ ಕೆರಳುತ್ತದೆ. ಅವರಿಗೆ ಡಿ ಬರಬೇಕಾದದ್ದು ಡಾಕ್ಟರ ಚೀಟಿಯಿಂದ.

ಆ ಚೀಟಿಯಲ್ಲಿ ಹೆಚ್ಚಾಗಿ 60,000 ಐಯು ಪುಡಿ ಇರುತ್ತದೆ, ವಾರಕ್ಕೊಂದು, ಕೆಲವು ವಾರ ಮಾತ್ರ. ವಾರಕ್ಕೊಂದನ್ನು ದಿನಕ್ಕೊಂದು ಮಾಡಿಕೊಂಡವರೂ, ಮುಗಿದ ಮೇಲೆ ಅಂಗಡಿಯಿಂದ ತಾವೇ ತಂದು ವರ್ಷಗಟ್ಟಲೆ ನುಂಗಿದವರೂ ವಾಂತಿ, ಮಲಬದ್ಧತೆ, ಕ್ಯಾಲ್ಸಿಯಂ ಏರಿಕೆ, ಕಿಡ್ನಿ ತೊಂದರೆ ಹೊತ್ತು ಬರುತ್ತಾರೆ. ಡಬ್ಬದ ಮೇಲೆ ನುಂಗುವ ವಾರವನ್ನೂ ಕೊನೆಯ ತಾರೀಖನ್ನೂ ಪೆನ್ನಿನಲ್ಲಿ ಬರೆದಿಡಿ. ಆ ತಾರೀಖಿನ ಆಚೆಗೆ ಇನ್ನೊಂದು ಬೇಕೋ ಬೇಡವೋ ಎಂಬುದನ್ನು ಮೆಡಿಕಲ್ ಅಂಗಡಿಯವರಲ್ಲ, ಬರೆದುಕೊಟ್ಟ ಡಾಕ್ಟರೇ ಹೇಳಬೇಕು.